ಔಷಧಿಯೇ ಇಲ್ಲ ಅಂತ ಬಂತು

ಮಳೆಗಾಲ ಮುಗಿಯುತ್ತಾ ಬಂದಿತ್ತು. ಕಾಲೇಜಿನ ಗ್ರಂಥಾಲಯದ ಬಾಗಿಲು ತೆಗೆದು ಕೂತಿದ್ದೆ ಅಷ್ಟೇ, ಭಾವನ ಫೋನು ಬಂತು. ಅಕ್ಕನ ಮನೆ ಕೊಪ್ಪದ ಕಡೆ. ಅಡಿಕೆ ತೋಟವೇ ಅವರ ಜೀವನ.

"ಸೋಗೆ ಎಲ್ಲಾ ಹಳದಿ ಆಗ್ತಾ ಇದೆ ಮಾರಾಯ್ತಿ. ಮಗ ಮೊಬೈಲಲ್ಲಿ ನೋಡಿದ. ಇದಕ್ಕೆ ಔಷಧಿಯೇ ಇಲ್ಲ ಅಂತ ಬಂತಂತೆ. ಕೊಯ್ಲು ಮುಗಿಸಿ ಕೆಳಗಿನ ಭಾಗದ ಮರ ಕಡಿಸಿಬಿಡೋಣ ಅಂತಿದೀನಿ."

ಅವರು ಸುಮ್ನೆ ಹೆದರುವ ಜನ ಅಲ್ಲ. ಶೃಂಗೇರಿ, ಕೊಪ್ಪದ ಕಡೆಯವರಿಗೆ ಹಳದಿ ಎಲೆ ರೋಗ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರುವ ರೋಗ ಅದು. ಬಂದ ಮರವನ್ನು ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಅದರಿಂದ ತೋಟವನ್ನೇ ಕಳೆದುಕೊಂಡವರು ಆ ಕಡೆ ಇದ್ದಾರೆ. ಹುಡುಗ 'ಅಡಿಕೆ ಎಲೆ ಹಳದಿ' ಅಂತ ಟೈಪ್ ಮಾಡಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದಿತ್ತು. ಆ ಪುಟದಲ್ಲಿ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಭಾವನ ತೋಟಕ್ಕೆ ಸೇರಿದ ಮಾತು ಹೌದೋ ಅಲ್ವೋ ಅಂತ ಕೇಳುವವರು ಯಾರೂ ಇರಲಿಲ್ಲ.

ನಾನೂ ಕಂಪ್ಯೂಟರ್ ಮುಂದೆ ಕೂತೆ. 'ಸೋಗೆ ಹಳದಿ' ಅಂತ ಹಾಕಿದರೆ ಸೋಗೆ ಮಾಡಿನ ಮನೆಗಳ ಫೋಟೋ. 'ಅಡಿಕೆ ಎಲೆ' ಅಂದರೆ ಹಾಳೆ ತಟ್ಟೆ ಮಾರುವವರ ಜಾಹೀರಾತು. 'ಅಡಿಕೆ ರೋಗ ಔಷಧಿ' ಅಂದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು ಭಾವ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಪ್ರತಿ ಸಲವೂ ಫಲಿತಾಂಶ ಥಟ್ ಅಂತ ಬರುತ್ತಿತ್ತು. ಒಂದೂ ಕೆಲಸಕ್ಕೆ ಬರಲಿಲ್ಲ.

ವೇಗ ಬೇಡ ಅಂತ ನಾನು ಹೇಳುವುದಿಲ್ಲ. ಗೂಗಲ್ಲಿನವರು 2009ರಲ್ಲಿ ಒಂದು ಪ್ರಯೋಗದ ವಿವರ ಹೊರಗೆ ಹೇಳಿದ್ದರು. ಫಲಿತಾಂಶವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡ್ ತಡ ಮಾಡಿ ಕೊಟ್ಟರೆ, ಜನ ಹುಡುಕುವುದೇ 0.2ರಿಂದ 0.6 ಶೇಕಡಾ ಕಡಿಮೆಯಾಯಿತು. 400 ಮಿಲಿಸೆಕೆಂಡ್ ಅಂದರೆ ಅರ್ಧ ಸೆಕೆಂಡೂ ಅಲ್ಲ. ಅಷ್ಟಕ್ಕೇ ಜನರ ಉತ್ಸಾಹ ಇಳಿಯುತ್ತದೆ. ಅವತ್ತು ನಾನು ಬೇಸರವಿಲ್ಲದೆ ಮತ್ತೆ ಮತ್ತೆ ಪದ ಬದಲಿಸಿ ನೋಡಿದ್ದೂ ಉತ್ತರ ಬೇಗ ಬರುತ್ತಿದ್ದುದರಿಂದಲೇ. ವೇಗದಿಂದ ಆಗುವ ನಿಜವಾದ ಉಪಕಾರ ಅದು.

ಆದರೆ ನಮ್ಮ ಗ್ರಂಥಾಲಯದ ಕಸುಬಿನಲ್ಲಿ ಇದನ್ನು ನೋಡುವ ಬಗೆಯೇ ಬೇರೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಗಳಿಗೆ ಐದು ಸೂತ್ರ ಬರೆದಿಟ್ಟರು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಅಲ್ಲೇ, ಮಾಹಿತಿ ಜೋಡಿಸಿಡುವ ವಿದ್ಯೆಯ ಸಂಶೋಧನೆ, ತರಬೇತಿಗೆ ಅಂತ ಡಿಆರ್‌ಟಿಸಿ ಅನ್ನೋ ಕೇಂದ್ರವನ್ನೂ ಶುರು ಮಾಡಿದರು. ಓದುಗನ ಸಮಯ ಉಳಿಸಿ ಅನ್ನುವುದು ಅವರ ನಾಲ್ಕನೇ ಸೂತ್ರ. ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನುವುದು ಎರಡನೆಯದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಓದುಗನ ಸಮಯ ಅಂದರೆ ಪಟ್ಟಿ ಕೈಗೆ ಬರುವವರೆಗಿನ ಸಮಯ ಅಲ್ಲ, ಅವನ ಪುಸ್ತಕ ಕೈಗೆ ಬರುವವರೆಗಿನ ಸಮಯ. ಭಾವನ ಮನೆಯ ಗಡಿಯಾರ ಹಿಂದಿನ ರಾತ್ರಿಯಿಂದ ಓಡುತ್ತಲೇ ಇತ್ತು. ಅಕ್ಕ ನಿದ್ದೆ ಮಾಡಿರಲಿಲ್ಲ.

ಕೌಂಟರಿಗೆ ಬಂದ ಹುಡುಗರು 'ಎಕನಾಮಿಕ್ಸ್ ಬುಕ್ ಕೊಡಿ ಮೇಡಂ' ಅಂದಾಗ ನಾವು ತಕ್ಷಣ ಕಪಾಟಿನ ಕಡೆ ಓಡುವುದಿಲ್ಲ. ಯಾವ ಸೆಮಿಸ್ಟರು, ಪರೀಕ್ಷೆಗಾ, ಪ್ರಾಜೆಕ್ಟಿಗಾ ಅಂತ ಮೊದಲು ಕೇಳುತ್ತೇವೆ. ಭಾವನಿಗೂ ಅದನ್ನೇ ಮಾಡಿದೆ.

"ಭಾವ, ತೋಟಕ್ಕೆ ಹೋಗಿ ಒಂದು ಸೋಗೆ ಕೈಯಲ್ಲಿ ಹಿಡಿದು ನೋಡಿ ಹೇಳಿ. ತುದಿಯಿಂದ ಹಳದಿ ಆಗಿದೆಯಾ? ಚುಕ್ಕಿ ಏನಾದರೂ ಇದೆಯಾ?"

ಅವರು ನಡೆಯುವ ಸದ್ದು, ಏದುಸಿರು, ಹಿಂದೆ ನಾಯಿ ಬೊಗಳುವುದು ಎಲ್ಲಾ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. "ಚುಕ್ಕಿ ಇದೆ. ಕಂದು ಬಣ್ಣ. ಸುತ್ತ ಹಳದಿ ಉಂಗುರದ ಹಾಗೆ. ಕೆಲವು ಒಂದಕ್ಕೊಂದು ಕೂಡಿಕೊಂಡು ಅಲ್ಲೇ ಒಣಗಿದೆ. ಕೆಳಗಿನ ಸೋಗೆಯಲ್ಲೇ ಜಾಸ್ತಿ."

ಹಳದಿ ಎಲೆ ರೋಗದಲ್ಲಿ ಗರಿಯ ತುದಿಯಿಂದ ಹಳದಿ ಶುರುವಾಗಿ ಒಳಗೆ ಹರಡುತ್ತದೆ. ನಡುನರದ ಪಕ್ಕ ಹಸಿರು ಉಳಿಯುತ್ತದೆ. ಉಂಗುರದ ಚುಕ್ಕಿ ಅದರ ಗುರುತಲ್ಲ. 'ಎಲೆಚುಕ್ಕಿ ರೋಗ' ಅಂತ ಹಾಕಿದೆ. ಕೆಳಗೆಲ್ಲೋ ಒಂದು ಸಂಶೋಧನಾ ಸಂಸ್ಥೆಯ ಕನ್ನಡ ಕರಪತ್ರದ ಕೊಂಡಿ ಸಿಕ್ಕಿತು. ಸ್ಕ್ಯಾನ್ ಮಾಡಿದ ಪಿಡಿಎಫ್. ತೆರೆಯಲಿಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತು ಅಂದರೆ, ಅಷ್ಟರಲ್ಲಿ ನಾನು ಆವತ್ತಿನ ಪೇಪರುಗಳನ್ನೆಲ್ಲ ಸ್ಟ್ಯಾಂಡಿಗೆ ಹಾಕಿ ಬಂದೆ. ಫೋಟೋ ನಿಧಾನಕ್ಕೆ ಮೇಲಿಂದ ಕೆಳಗೆ ಮೂಡಿತು. ಕಂದು ಚುಕ್ಕಿ, ಹಳದಿ ಉಂಗುರ. ಭಾವ ಹೇಳಿದ್ದು ಹಾಗೇ ಅಲ್ಲಿತ್ತು.

ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ. ಅದೂ ಸಣ್ಣದಲ್ಲ, ಮಲೆನಾಡಿನಲ್ಲಿ ಎಷ್ಟೋ ತೋಟಗಳನ್ನು ಸೊರಗಿಸಿದೆ. ಆದರೆ ಅದಕ್ಕೆ ಮಾಡುವ ಕೆಲಸ ಇದೆ. ತೀರಾ ಹಾಳಾದ ಸೋಗೆ ತೆಗೆದು ಸುಡಬೇಕು, ಶಿಲೀಂಧ್ರನಾಶಕ ಹೊಡೆಯಬೇಕು. ನನ್ನ ಮಾತಿನ ಮೇಲೆ ನಿಲ್ಲಬೇಡಿ ಅಂತ ಭಾವನಿಗೆ ಹೇಳಿದೆ. ಅವರು ಒಂದು ಸೋಗೆಯ ತುಂಡು ಹಿಡಿದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದರು. ಅಲ್ಲಿಯ ವಿಜ್ಞಾನಿ ನೋಡಿ ಎಲೆಚುಕ್ಕಿಯೇ ಅಂದರು, ಏನು ಹೊಡೆಯಬೇಕು ಅಂತಲೂ ಬರೆದುಕೊಟ್ಟರು. ಮರ ಕಡಿಸುವ ಮಾತು ಅಲ್ಲಿಗೆ ನಿಂತಿತು.

ನನಗೆ ನಿಜಕ್ಕೂ ಸಂಕಟ ಆಗುವುದು ಆ ಕರಪತ್ರ ಅಷ್ಟು ಕೆಳಗೆ ಇದ್ದುದಕ್ಕೆ. ಸರ್ಚ್ ಇಂಜಿನ್ ಯಾವ ಪದ ಯಾವ ಪುಟದಲ್ಲಿದೆ ಅಂತ ಮೊದಲೇ ಪಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ. ಅಷ್ಟು ಬೇಗ ಉತ್ತರ ಕೊಡುವುದು ಹಾಗಾಗಿಯೇ. ನಮ್ಮ ಕೃಷಿ ಸಾಹಿತ್ಯ ಎಷ್ಟೋ ಕಡೆ ಬರೀ ಸ್ಕ್ಯಾನ್ ಮಾಡಿದ ಚಿತ್ರವಾಗಿ ಕೂತಿದೆ. ಇನ್ನೆಷ್ಟೋ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಸಂಕೇತ, ಬರುವ ಮೊದಲಿನ ಫಾಂಟುಗಳಲ್ಲಿದೆ. ನಮ್ಮ ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಕಲಸುಮೇಲೋಗರ. ಆ ಪಟ್ಟಿಗೆ ಸರಿಯಾಗಿ ಸೇರದ್ದನ್ನು ಎಷ್ಟು ವೇಗವಾಗಿ ಹುಡುಕಿದರೇನು, ಸಿಗುವುದಿಲ್ಲ. ಕನ್ನಡದಲ್ಲಿ ಹುಡುಕುವವರಿಗೆ ಅರ್ಧ ಸೆಕೆಂಡ್ ಉಳಿಸುವುದಕ್ಕಿಂತ ಇವನ್ನೆಲ್ಲ ಯಂತ್ರ ಓದುವ ಹಾಗೆ ಟೈಪ್ ಮಾಡಿಡುವ ಕೆಲಸ ಎಷ್ಟೋ ಪಾಲು ಮುಖ್ಯ ಅಂತ ನಾನು ನಂಬುತ್ತೇನೆ.

ಹಾಗಾಗಿ ಎಲೆಚುಕ್ಕಿ ರೋಗದ ಗುರುತುಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿದೆ. ತೋಟದವರು ಆಡುವ ಮಾತನ್ನೇ ಮೇಲೆ ಹಾಕಿದೆ: ಸೋಗೆ ಹಳದಿ ಆಗುವುದು, ಚುಕ್ಕಿ ಬೀಳುವುದು, ಕೆಳಗಿನ ಸೋಗೆ ಒಣಗುವುದು. ವಿಜ್ಞಾನ ಕೇಂದ್ರದವರು ಓದಿ ತಿದ್ದಿಕೊಟ್ಟ ಮೇಲೆ ಗ್ರಂಥಾಲಯದ ಪುಟಕ್ಕೆ ಏರಿಸಿದೆ. ಈಗ ಕಾಳುಮೆಣಸಿನ ಸೊರಗು ರೋಗದ್ದು ಶುರು ಮಾಡಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೋ, ಸೊಸೈಟಿಯ ಕಪಾಟಿನಲ್ಲೋ ಇಂಥ ಹಳೇ ಕರಪತ್ರಗಳಿದ್ದರೆ ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೆ ಕೊಟ್ಟು, ಟೈಪ್ ಮಾಡಿಸಿ ಅಂತ ಕೇಳಿ.