ಒಂದು ಗಂಟೆಯ ಪಾಠಕ್ಕೆ ಒಂದು ಪುಟ

ಸುಸ್ಥಿರತೆಯ ಬೋಧನೆಗೆ ಬೇಕಾಗುವ ಸಾಮಗ್ರಿಯನ್ನೆಲ್ಲ ಒಂದೆಡೆ ದೊರಕಿಸುವ ಜಾಲತಾಣವೊಂದನ್ನು ನಮ್ಮ ವಿಶ್ವವಿದ್ಯಾಲಯಕ್ಕಾಗಿ ಕಟ್ಟುವ ಕೆಲಸದಲ್ಲಿ ಮೂರು ವರ್ಷಗಳಿಂದ ತೊಡಗಿದ್ದೇನೆ. ನಾನು ಓದಿದ್ದು ಭೌತಶಾಸ್ತ್ರ. ಪರಿಸರ ಅಧ್ಯಯನವನ್ನು ಕಲಿಸತೊಡಗಿದ್ದು ಒಂದು ವರ್ಷದ ಕಾರ್ಯಭಾರ ಹಂಚಿಕೆಯಲ್ಲಿ ಆ ವಿಷಯ ನನ್ನ ಪಾಲಿಗೆ ಬಂದದ್ದರಿಂದ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ನಮ್ಮಲ್ಲಿ ಈ ವಿಷಯವನ್ನು ಕಲಿಸುವ ಬಹಳಷ್ಟು ಅಧ್ಯಾಪಕರ ಸ್ಥಿತಿ ಇದೇ ಆಗಿದೆ, ಮತ್ತು ಜಾಲತಾಣ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.

ಪರಿಸರ ಮೊಕದ್ದಮೆಗಳ ವಕೀಲ ಎಂ. ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಆ ನಿರ್ದೇಶನವು ಪದವಿ ತರಗತಿಗಳವರೆಗೆ ಬಂದು ಮುಟ್ಟಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಆರು ತಿಂಗಳ ಪಠ್ಯಕ್ರಮವೊಂದನ್ನು ರೂಪಿಸಿತು. ಅದರಲ್ಲಿ 45 ತರಗತಿ ಪಾಠಗಳು, 5 ಗಂಟೆಗಳ ಕ್ಷೇತ್ರಕಾರ್ಯ. ವಿಷಯ ಕಡ್ಡಾಯವಾಯಿತೇ ಹೊರತು ಅದಕ್ಕೆಂದೇ ತರಬೇತಾದ ಅಧ್ಯಾಪಕರು ಎಲ್ಲ ಕಾಲೇಜುಗಳಿಗೂ ಬರಲಿಲ್ಲ. ಹೀಗಾಗಿ ಸಸ್ಯಶಾಸ್ತ್ರದವರು, ವಾಣಿಜ್ಯದವರು, ಕನ್ನಡದವರು, ನನ್ನಂಥವರು, ಯಾರ ಕಾರ್ಯಭಾರ ಕಡಿಮೆ ಬಿತ್ತೋ ಅವರು ಈ ಪಾಠವನ್ನು ವಹಿಸಿಕೊಂಡೆವು.

ನಮ್ಮ ಮೊದಲ ಪ್ರಯತ್ನ ಸೋತಿತು. ದೊರೆತ ವರದಿಗಳು, ಉಪನ್ಯಾಸ ಟಿಪ್ಪಣಿಗಳು, ವಿಡಿಯೊ ಕೊಂಡಿಗಳು ಎಲ್ಲವನ್ನೂ ನಾವು ಒಂದೆಡೆ ಪೇರಿಸಿಟ್ಟೆವು. ಕನ್ನಡದ ಕಡತಗಳಲ್ಲಿ ಎಷ್ಟೋ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದವು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿನ ಸಂಕೇತಗಳು ರೋಮನ್ ಲಿಪಿಯವೇ ಆದ್ದರಿಂದ, ಹುಡುಕು ಪೆಟ್ಟಿಗೆಯಲ್ಲಿ ‘ಅಂತರ್ಜಲ’ ಎಂದು ಬರೆದರೆ ಅಂತರ್ಜಲದ ಬಗೆಗೇ ಇರುವ ಪ್ರಬಂಧವೂ ಸಿಗುತ್ತಿರಲಿಲ್ಲ. ಪುಟಗಳನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್‌ಗಳು ಹಳ್ಳಿಯಿಂದ ಬರುವ ವಿದ್ಯಾರ್ಥಿಯ ಮೊಬೈಲಿನಲ್ಲಿ ತೆರೆಯುವ ಹೊತ್ತಿಗೆ ತರಗತಿಯೇ ಮುಗಿದಿರುತ್ತಿತ್ತು. ಆದರೆ ಇವೆಲ್ಲ ತಿದ್ದಬಹುದಾದ ದೋಷಗಳು. ನಿಜವಾದ ಕೊರತೆಯನ್ನು ತೋರಿಸಿಕೊಟ್ಟವರು ವಾಣಿಜ್ಯ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು. “ಸರ್, ನಾಳೆ ಹನ್ನೊಂದು ಗಂಟೆಗೆ ನನಗೆ ಜಲಸಂಪನ್ಮೂಲದ ಪಾಠವಿದೆ. ಇದರಲ್ಲಿ ನಾನು ಯಾವುದನ್ನು ಓದಲಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಕಟ್ಟಿದ್ದು ಉಗ್ರಾಣವಾಗಿತ್ತು. ಅವರಿಗೆ ಬೇಕಾಗಿದ್ದುದು ಮರುದಿನದ ಒಂದು ಗಂಟೆಯ ಪಾಠ.

ಆ ಪ್ರಶ್ನೆಯಿಂದಲೇ ಎರಡನೆಯ ಪ್ರಯತ್ನ ಆರಂಭವಾಯಿತು. ಈಗಿನ ಜಾಲತಾಣದಲ್ಲಿ ಒಂದು ಪುಟವೆಂದರೆ ತರಗತಿಯ ಒಂದು ಗಂಟೆ. ಪಾಠ ಶುರುಮಾಡಲು ಒಂದು ಪ್ರಶ್ನೆ, ಅಧ್ಯಾಪಕರು ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದಾದ ಹಿನ್ನೆಲೆ, ವಿದ್ಯಾರ್ಥಿಗಳು ತಾವೇ ಮಾಡುವ ಒಂದು ಲೆಕ್ಕ ಅಥವಾ ವೀಕ್ಷಣೆ, ಹೆಚ್ಚಿನ ಓದಿಗೆ ಎರಡೋ ಮೂರೋ ಆಕರಗಳು. ಇಷ್ಟಕ್ಕಿಂತ ಹೆಚ್ಚಿಗೆ ಸೇರಿಸಬೇಕೆಂಬ ಆಸೆಯನ್ನು ನಾವು ಪ್ರತಿ ಪುಟದಲ್ಲಿಯೂ ಹತ್ತಿಕ್ಕಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿರುವ ಪುಟ ‘ನಲ್ಲಿಯ ನೀರಿಗೆ ಎಷ್ಟು ವಿದ್ಯುತ್?’ ಎಂಬುದು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಪಂಪ್ ಮಾಡಿ ಅದನ್ನು ಮೇಲಕ್ಕೆ ತರಬೇಕು. ಲೆಕ್ಕದ ಅನುಕೂಲಕ್ಕೆ ಎತ್ತರವನ್ನು 300 ಮೀಟರ್ ಎಂದಷ್ಟೇ ಇಟ್ಟುಕೊಳ್ಳೋಣ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 29.4 ಲಕ್ಷ ಜೂಲ್ ಶಕ್ತಿ, ಅಂದರೆ 0.82 ಯೂನಿಟ್ ವಿದ್ಯುತ್ ಬೇಕು. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವನ್ನು ಹಿಡಿದರೆ ಅದು 0.11 ಯೂನಿಟ್ ಆಗುತ್ತದೆ. 9 ವ್ಯಾಟಿನ ಎಲ್‌ಇಡಿ ದೀಪವೊಂದು ಹನ್ನೆರಡು ಗಂಟೆ ಉರಿದಂತೆ. ಪಂಪಿನಲ್ಲಿ ಮತ್ತು ಕೊಳವೆಗಳ ಘರ್ಷಣೆಯಲ್ಲಿ ಆಗುವ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ, ಆದ್ದರಿಂದ ನಿಜವಾದ ಖರ್ಚು ಇದಕ್ಕಿಂತ ಹೆಚ್ಚೇ. ನಾಲ್ಕು ಜನರ ಮನೆಗೆ ತಿಂಗಳಿಗೆ ಹದಿಮೂರು ಯೂನಿಟ್ ಆಯಿತೆಂದು ಕಂಡ ವಿದ್ಯಾರ್ಥಿನಿಯೊಬ್ಬಳು, ಈ ಹಣ ಮನೆಯ ಕರೆಂಟ್ ಬಿಲ್ಲಿನಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳಿದಳು. ಆ ದಿನದ ಪಾಠ ಭೌತಶಾಸ್ತ್ರದಿಂದ ಹೊರಟು ನೀರಿನ ದರ, ಸರ್ಕಾರದ ಸಹಾಯಧನ, ನ್ಯಾಯ ಎಲ್ಲವನ್ನೂ ಮುಟ್ಟಿತು. ಮುಂದಿನ ಬೆಂಚಿನಲ್ಲಿದ್ದ ಕೋಲಾರದ ಹುಡುಗನೊಬ್ಬ ತಮ್ಮ ತೋಟದ ಕೊಳವೆಬಾವಿ ಸಾವಿರ ಅಡಿ ದಾಟಿದೆ ಎಂದ. ಸಾವಿರ ಅಡಿಯೆಂದರೆ ಹೆಚ್ಚೂಕಡಿಮೆ ಅದೇ 300 ಮೀಟರ್! ಅಷ್ಟು ಆಳದಿಂದ ನೀರೆತ್ತುವ ರೈತನೂ ಪ್ರತಿ ಸಾವಿರ ಲೀಟರಿಗೆ ರಾಜಧಾನಿಯ ಲೆಕ್ಕದಷ್ಟೇ ವಿದ್ಯುತ್ತನ್ನು ವ್ಯಯಿಸುತ್ತಿದ್ದಾನೆಂದು ತರಗತಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಈಗ ಆ ಪುಟದಲ್ಲಿ ಆಳವನ್ನೂ ಎತ್ತರವನ್ನೂ ತಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಲು ಜಾಗ ಕೊಟ್ಟಿದ್ದೇವೆ.

ಊರಿನ ಅಂಕಿಅಂಶ ಸಿಗುವುದೂ ಕಷ್ಟವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಇವೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳು ತಾವು ಕಂಡ ಹಕ್ಕಿ, ಗಿಡ, ಚಿಟ್ಟೆಗಳ ಚಿತ್ರಗಳನ್ನು ಸೇರಿಸಬಹುದು. ಬಲ್ಲವರು ಅವನ್ನು ಗುರುತಿಸಿ ಹೆಸರಿಸುತ್ತಾರೆ. ಇಂಥ ಆಕರಗಳನ್ನು ನಮ್ಮಲ್ಲಿ ನಕಲು ಮಾಡಿಟ್ಟುಕೊಳ್ಳದೆ, ಅವನ್ನು ತರಗತಿಯಲ್ಲಿ ಬಳಸುವ ಬಗೆಯನ್ನು ಮಾತ್ರ ನಾವು ಬರೆಯುತ್ತೇವೆ.

ಭಾಷೆಯ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ‘ಸುಸ್ಥಿರ ಜಲ ನಿರ್ವಹಣೆ’ ಎಂದು ಬರೆದು ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ನಾವು, ತೂಬು (ಕೆರೆಯ ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹರಿಯುವ ದಾರಿ), ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು), ನೀರುಗಂಟಿ (ಗದ್ದೆಗಳಿಗೆ ನೀರು ಹಂಚುವವನು) ಎಂಬ ಮಾತುಗಳನ್ನು ಪಠ್ಯದ ಹೊರಗಿಟ್ಟಿದ್ದೇವೆ. ಕೆರೆಯ ನೀರನ್ನು ಯಾರಿಗೆ, ಯಾವಾಗ, ಎಷ್ಟು ಬಿಡಬೇಕೆಂಬ ವ್ಯವಸ್ಥೆಯೇ ಈ ಮಾತುಗಳಲ್ಲಿದೆ, ಮತ್ತು ಅನೇಕ ವಿದ್ಯಾರ್ಥಿಗಳಿಗೆ ಇವು ಮನೆಮಾತು. ಆದ್ದರಿಂದ ಪ್ರತಿ ಪುಟಕ್ಕೂ ಶಾಸ್ತ್ರದ ಪದಗಳ ಜೊತೆಗೆ ಊರಿನ ಪದಗಳನ್ನೂ ಹುಡುಕುಪದಗಳಾಗಿ ಕೊಡುತ್ತಿದ್ದೇವೆ. ‘ತೂಬು’ ಎಂದು ಹುಡುಕಿದವರಿಗೆ ಕೆರೆ ನೀರಾವರಿಯ ಪಾಠ ಸಿಗುತ್ತದೆ. ಕಲಬುರಗಿ ಕಡೆಯವರು, ಕರಾವಳಿಯವರು ಬೇರೆ ಪದಗಳನ್ನು ಕಳಿಸಿದ್ದಾರೆ, ಅವೂ ಸೇರುತ್ತಿವೆ.

ಉಳಿದ ತಾಂತ್ರಿಕ ನಿರ್ಧಾರಗಳು ಸರಳ. ಬರಹವೆಲ್ಲ ಯೂನಿಕೋಡ್‌ನಲ್ಲಿ, ಚಿತ್ರಗಳು ಹಗುರ, ಪ್ರವೇಶಕ್ಕೆ ಪಾಸ್‌ವರ್ಡ್ ಇಲ್ಲ, ಬರಹಕ್ಕೆ ಇತರರೂ ಬಳಸಿ ಹಂಚಲು ಅನುಮತಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಇವುಗಳಿಗಿಂತ ಹೆಚ್ಚು ಚರ್ಚೆಯಾದದ್ದು ಉಸ್ತುವಾರಿಯ ವಿಷಯ. ಅನುದಾನ ಮುಗಿದೊಡನೆ, ಅಥವಾ ನೋಡಿಕೊಳ್ಳುತ್ತಿದ್ದವರಿಗೆ ವರ್ಗಾವಣೆಯಾದೊಡನೆ, ಸತ್ತುಹೋದ ಜಾಲತಾಣಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕಾಗಿ ಪ್ರತಿ ಪುಟದ ಕೆಳಗೆ ಅದನ್ನು ಕೊನೆಯದಾಗಿ ಪರಿಶೀಲಿಸಿದ ದಿನಾಂಕವನ್ನೂ ಹೊಣೆ ಹೊತ್ತ ವಿಭಾಗದ ಹೆಸರನ್ನೂ ನಮೂದಿಸುತ್ತೇವೆ, ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಸೆಮಿಸ್ಟರಿಗೊಮ್ಮೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡುತ್ತಾರೆ. ಈ ಕೆಲಸವನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ವಾರಕ್ಕೆ ಎರಡು ಗಂಟೆಯೆಂದು ಲೆಕ್ಕ ಹಿಡಿಯಬೇಕೆಂದು ಮನವಿ ಸಲ್ಲಿಸಿದ್ದೇವೆ. ಅದು ಇನ್ನೂ ಒಪ್ಪಿಗೆಯಾಗಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಇಡುತ್ತೇನೆ. ಅಷ್ಟರಲ್ಲಿ ವಾಣಿಜ್ಯ ವಿಭಾಗದ ಅದೇ ಸಹೋದ್ಯೋಗಿ, ವಿದ್ಯಾರ್ಥಿನಿಯ ಆ ಪ್ರಶ್ನೆಯನ್ನು ಹಿಡಿದು, ನೀರಿನ ಬಿಲ್ಲನ್ನು ಓದುವುದು ಹೇಗೆ ಎಂಬ ಪುಟವೊಂದನ್ನು ಬರೆಯುತ್ತಿದ್ದಾರೆ.