ತಗ್ಗಿಸಿದ ಪೋಲೋಗೆ ಹೊಸ ಶಾಕ್‌ಗಳು: ಮೂರನೆಯ ದಾಖಲೆ

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಕಾರನ್ನು ತಗ್ಗಿಸಲೆಂದು 30 ಮಿ.ಮೀ. ಗಿಡ್ಡನೆಯ ಸ್ಪ್ರಿಂಗ್‌ಗಳನ್ನು ಹಾಕಿಸಿ ಹದಿನಾಲ್ಕು ತಿಂಗಳಾಯಿತು. ಶಾಕ್ ಅಬ್ಸಾರ್ಬರ್‌ಗಳು ಚೆನ್ನಾಗಿಯೇ ಇವೆ, ಅವನ್ನು ಬದಲಿಸಬೇಕಾಗಿಲ್ಲ ಎಂದು ಗ್ಯಾರೇಜಿನವರು ಅಂದು ಹೇಳಿದ್ದನ್ನು ನಾನು ಒಪ್ಪಿಕೊಂಡಿದ್ದೆ. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ, ರಸ್ತೆ ತಗ್ಗಾದ ಕಡೆಯಲ್ಲೆಲ್ಲ ಕಾರಿನ ಮೂತಿ ಧಡ್ಡೆಂದು ಕುಸಿದು, ಮೇಲೆದ್ದ ಮೇಲೂ ಎರಡು ಮೂರು ಬಾರಿ ತೂಗಾಡತೊಡಗಿತು.

ಮುಂದಿನ ಎಡ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಇರುವ ಕಂಬದ) ರಬ್ಬರ್ ಮುಸುಕನ್ನು ಮೇಲೆತ್ತಿ ನೋಡಿದಾಗ, ಎಣ್ಣೆ ಜಿನುಗಿ ಅದರ ಮೇಲೆ ಕೆಂಪು ಧೂಳು ಕೆಸರಿನಂತೆ ಮೆತ್ತಿಕೊಂಡಿತ್ತು. ಬಲಗಡೆಯ ಸ್ಟ್ರಟ್‌ನ ದಂಡ ಎಷ್ಟು ಆಳಕ್ಕೆ ಇಳಿಯುತ್ತದೆಂದು ನೋಡಲು ಅದಕ್ಕೆ ಒಂದು ಕೇಬಲ್ ಟೈ ಬಿಗಿದು ಇಪ್ಪತ್ತು ಕಿ.ಮೀ. ಓಡಿಸಿ ಬಂದೆ. ಆ ಟೈ, ದಂಡ ಪೂರ್ತಿ ಇಳಿದಾಗ ತಡೆಯುವ ಬಂಪ್ ಸ್ಟಾಪ್‌ನ ರಬ್ಬರಿಗೆ ಒತ್ತಿಕೊಂಡು ನಜ್ಜುಗುಜ್ಜಾಗಿತ್ತು.

ಕಾರಣ ಸರಳವಾದುದು. ಕಾರು ತಗ್ಗಿದರೆ ಚಕ್ರಕ್ಕೆ ಮೇಲೇರಲು ಉಳಿಯುವ ಜಾಗ ಕಡಿಮೆಯಾಗುವುದರಿಂದ, ಗಿಡ್ಡ ಸ್ಪ್ರಿಂಗನ್ನು ಮೂಲ ಸ್ಪ್ರಿಂಗಿಗಿಂತ ಗಡುಸಾಗಿಯೇ ಮಾಡಿರುತ್ತಾರೆ. ಅದು ಅದುಮಿದಾಗ ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುತ್ತದೆ, ಆದರೆ ಆ ಚಿಮ್ಮುವಿಕೆಯನ್ನು ತಡೆಯಬೇಕಾದ ಶಾಕ್‌ನ ಒಳಗಿನ ವಾಲ್ವ್‌ಗಳು ಮೃದುವಾದ ಮೂಲ ಸ್ಪ್ರಿಂಗಿಗೆ ಹೊಂದಿಸಿದವು. ಸಾಲದ್ದಕ್ಕೆ, ದಂಡವು ನಿಂತಲ್ಲೇ ಮೊದಲಿಗಿಂತ ಆಳಕ್ಕೆ ಇಳಿದಿರುತ್ತದೆಯಾದ್ದರಿಂದ ಪ್ರತಿ ಹಂಪ್‌ನಲ್ಲೂ ಅದು ಬಂಪ್ ಸ್ಟಾಪ್‌ಗೆ ಬೇಗನೆ ತಾಗುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಿ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡಬಾರದಿತ್ತು.

ಆದ್ದರಿಂದ ತಗ್ಗಿಸಿದ ಕಾರುಗಳಿಗೆಂದೇ ಗಿಡ್ಡವಾಗಿ ಮಾಡಿದ ಬಿಲ್‌ಸ್ಟೈನ್ ಬಿ8 ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್‌ಗಳನ್ನು ತರಿಸಿದೆ. ಹೋದ ಭಾನುವಾರ ತಮ್ಮನೂ ನಾನೂ ಸೇರಿ ಮನೆಯ ಶೆಡ್ಡಿನಲ್ಲೇ ನಾಲ್ಕನ್ನೂ ಕೂಡಿಸಿದೆವು.

ಪೋಲೋದ ಮುಂದಿನ ಸ್ಟ್ರಟ್ ಚಕ್ರವನ್ನು ಹೊತ್ತಿರುವ ಸ್ಟಿಯರಿಂಗ್ ನಕಲ್‌ನ ಸೀಳಿರುವ ತೋಳಿನೊಳಗೆ ಕೂತಿದ್ದು, ಒಂದೇ ಬೋಲ್ಟ್ ಅದನ್ನು ಹಿಡಿದಿರುತ್ತದೆ. ಬೋಲ್ಟ್ ತೆಗೆದರೂ ಸ್ಟ್ರಟ್ ಅಲುಗುವುದಿಲ್ಲ. ಸೀಳಿನಲ್ಲಿ ಚಪ್ಪಟೆ ಉಕ್ಕಿನ ಕೀಲಿಯನ್ನಿಟ್ಟು ಕಾಲು ಸುತ್ತು ತಿರುಗಿಸಿ ಬಾಯಿ ಅಗಲಿಸಿದ ಮೇಲೆ, ನಕಲ್ ಅನ್ನು ಮೆಲ್ಲನೆ ಕೆಳಕ್ಕೆ ಬಡಿಯಬೇಕು. ಆಗ ಚಕ್ರವನ್ನು ತಿರುಗಿಸುವ ಡ್ರೈವ್‌ಶಾಫ್ಟ್‌ನ ಜಾಯಿಂಟ್ ಎಳೆದುಕೊಳ್ಳದಂತೆ ಒಬ್ಬರು ಹಿಡಿದಿರಲೇಬೇಕು. ಕೋನ ಅಳೆದು ಬಿಗಿಯುವ ಬೋಲ್ಟ್‌ಗಳು ಒಮ್ಮೆ ಬಿಗಿದಾಗಲೇ ಹಿಗ್ಗಿರುವುದರಿಂದ ಹೊಸವನ್ನೇ ಹಾಕಿದೆವು. ಹಿಂದಿನ ಶಾಕ್‌ಗಳದು ಅರ್ಧ ಗಂಟೆಯ ಕೆಲಸ. ಆದರೆ ಅವುಗಳ ಕೆಳಗಿನ ಬೋಲ್ಟನ್ನು ಕಾರು ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬಾರದು, ಏಕೆಂದರೆ ಕಾರು ಇಳಿದಾಗ ಆ ಬೋಲ್ಟ್ ಹಾಯುವ ಬುಷ್‌ನ ರಬ್ಬರ್ ತಿರುಚಿಕೊಂಡು ಸದಾ ಎಳೆತದಲ್ಲೇ ಉಳಿದು ಹರಿಯುತ್ತದೆ. ಚಕ್ರಗಳ ಕೆಳಗೆ ಹಲಗೆಯಿಟ್ಟು ಕಾರನ್ನು ಅದರ ಭಾರದಲ್ಲೇ ನಿಲ್ಲಿಸಿ ಕೊನೆಯ ಬಿಗಿ ಕೊಟ್ಟೆವು.

ಅಳತೆಯಲ್ಲಿ ಒಂದು ಬದಲಾವಣೆ ಕಂಡಿತು. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ 346 ಮಿ.ಮೀ. ಇದ್ದದ್ದು ಈಗ 350 ಆಗಿದೆ. ಮಾನೋಟ್ಯೂಬ್‌ನೊಳಗೆ ಹೆಚ್ಚಿನ ಒತ್ತಡದಲ್ಲಿರುವ ನೈಟ್ರೋಜನ್ ದಂಡವನ್ನು ಹೊರಕ್ಕೆ ತಳ್ಳುವುದೇ ಇದಕ್ಕೆ ಕಾರಣ.

ಇದುವರೆಗೆ 400 ಕಿ.ಮೀ. ಓಡಿದೆ. ಅದೇ ಸಕಲೇಶಪುರದ ರಸ್ತೆಯಲ್ಲಿ ಕಾರು ಈಗ ಒಮ್ಮೆ ಕುಸಿದು ಒಮ್ಮೆಲೇ ನಿಲ್ಲುತ್ತದೆ, ಕೇಬಲ್ ಟೈ ಬಂಪ್ ಸ್ಟಾಪ್‌ಗೆ 11 ಮಿ.ಮೀ. ದೂರದಲ್ಲಿ ನಿಂತಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವಂತೆ 3.7 ಮೀಟರ್ ಅಗಲಕ್ಕೆ 10 ಸೆಂ.ಮೀ. ಎತ್ತರವಿರುವ ಹಂಪ್‌ಗಳನ್ನು ನಿಧಾನವಾಗಿ ದಾಟಿದರೆ ತೊಂದರೆಯೇ ಇಲ್ಲ. ಊರ ಮುಂದಿನ ಕಿರಿದಾದ, ಕಡಿದಾದ ಹಂಪ್‌ಗಳಲ್ಲಿ ಮಾತ್ರ ಗಡಸುತನ ಬೆನ್ನಿಗೆ ತಿಳಿಯುತ್ತದೆ. ಅದನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ.

ಒಂದು ಕೆಲಸ ಉಳಿದಿದೆ. ಸ್ಟ್ರಟ್‌ಗಳ ಮೇಲ್ತುದಿಯ ಬೇರಿಂಗ್‌ಗಳು ಕೈಯಲ್ಲಿ ನುಣುಪಾಗಿ ತಿರುಗಿದ್ದರಿಂದ ಹಳೆಯವನ್ನೇ ಹಾಕಿದ್ದೆವು, ಆದರೆ ಈಗ ಕಾರಿನ ಭಾರ ಹೊತ್ತು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಡಗಡೆಯದು ಕಟಕಟ ಎನ್ನುತ್ತಿದೆ. ಹೊಸ ಜೋಡಿ ಬುಧವಾರ ಬರಲಿದೆ. ಅದನ್ನು ಹಾಕಿದ ಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸುತ್ತೇನೆ.