ಇಂಜಿನ್ ಹೆಡ್‌ನಲ್ಲಿ ತುಂಡಾದ ಸ್ಟಡ್

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದಕ್ಕೆ ನನ್ನ ಹಳೆಯ ಮೋಟಾರ್‌ಸೈಕಲ್ಲನ್ನು ಒಯ್ದಾಗ, ಸೈಲೆನ್ಸರನ್ನು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಹಿಡಿದಿಡುವ, ತಲೆಯಿಲ್ಲದ ಬೋಲ್ಟಿನಂಥ ಎರಡು ಸ್ಟಡ್‌ಗಳಲ್ಲಿ ಒಂದು ತುಂಡಾಗಿತ್ತು, ಇನ್ನೊಂದರ ನಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಅದಕ್ಕೂ ಮೊದಲು ಗ್ಯಾರೇಜೊಂದರಲ್ಲಿ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್‌ಗೆ ಪೈಪು ತೊಡಿಸಿ ಎಳೆದಿದ್ದರು.

ಅಂಗಡಿಯ ಹಿರಿಯ ಮೇಸ್ತ್ರಿಗಳು ಹಿಂದಿನ ಸಂಜೆಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಲು ಹೇಳಿದ್ದರು. ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗ ಹಿಡಿಯುವುದರಿಂದ ಸುರುಳಿ ಗೀರುಗಳಾದ ಥ್ರೆಡ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಎಣ್ಣೆ ಒಳಗಿಳಿಯಲು ಬೇಕಾದಷ್ಟು ಹೊತ್ತು ಕೊಡದಿದ್ದರೆ ಹಾಕಿಯೂ ಪ್ರಯೋಜನವಿಲ್ಲ. ದುಂಡಗಾದ ನಟ್ಟಿನ ಮೇಲೆ ಅವರು ಒಂದು ಅಳತೆ ಚಿಕ್ಕದಾದ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು. ಅದು ನಟ್ಟಿನ ಮೂಲೆಗಳ ಬದಲು ಮಗ್ಗುಲುಗಳನ್ನು ಹಿಡಿಯುತ್ತದೆ. ನಟ್ಟು ಕಿರುಗುಟ್ಟುತ್ತಾ ತಿರುಗಿತು, ಸೈಲೆನ್ಸರ್ ಕಳಚಿತು.

ಸೈಲೆನ್ಸರ್ ಸರಿದ ಮೇಲೆ ತುಂಡಾದ ಸ್ಟಡ್ಡಿನ ಚಿಕ್ಕ ಮೊಳಕೆಯಷ್ಟು ಭಾಗ ಹೊರಗೆ ಕಂಡಿತು. ನಾನು ಎಕ್ಸ್‌ಟ್ರಾಕ್ಟರ್ (ತುಂಡಾದ ಸ್ಟಡ್ಡಿನಲ್ಲಿ ರಂಧ್ರ ಕೊರೆದು, ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ) ಬಳಸುವ ಮಾತೆತ್ತಿದಾಗ ಅವರು, "ಅದು ಕೊನೆಗೆ ಸಾರ್. ಒಳಗೇ ಮುರಿದರೆ ಡ್ರಿಲ್ಲೂ ಇಳಿಯಲ್ಲ, ಪೀಣ್ಯಕ್ಕೆ ಹೋಗಿ ಸ್ಪಾರ್ಕ್ ಮಿಷನ್‌ನಲ್ಲಿ ತೆಗೆಸಬೇಕಾಗತ್ತೆ" ಎಂದರು. ಅವರ ಮಾತು ಅಕ್ಷರಶಃ ಸರಿ: ಎಕ್ಸ್‌ಟ್ರಾಕ್ಟರ್ ಬಹಳ ಗಟ್ಟಿಯಾದರೂ ಪೆಡಸಾದ ಉಕ್ಕಿನದು, ಅದರ ತುಂಡನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯಲಾರದು, ವಿದ್ಯುತ್ ಕಿಡಿಗಳಿಂದ ಲೋಹವನ್ನು ಸವೆಸುವ ಸ್ಪಾರ್ಕ್ ಮಿಷನ್ನೇ ಬೇಕು.

ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರವಿಟ್ಟು, ಬ್ಯಾಟರಿಯ ತಂತಿ ಕಳಚಿ, ಎಣ್ಣೆಯನ್ನು ಬಟ್ಟೆಯಿಂದ ಒರೆಸಿದ ಬಳಿಕವೇ ಅವರು ಬೆಂಕಿ ಹಚ್ಚಿದ್ದು. ಕಾಯಿಸಿದ್ದು ಸ್ಟಡ್ಡನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಹೆಡ್ಡನ್ನು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ರಂಧ್ರ ಸ್ಟಡ್ಡಿಗಿಂತ ಹೆಚ್ಚು ಅಗಲವಾಗುತ್ತದೆ. ಬಳಿಕ ಮೊಳಕೆಯ ಮೇಲೆ ನಟ್ಟೊಂದನ್ನಿಟ್ಟು, ಅದರ ರಂಧ್ರದೊಳಗಿನಿಂದ ವೆಲ್ಡ್ ತುಂಬಿದರು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಅಂಟದು. ಈ ಉಪಾಯದ ಜೀವಾಳವೇ ಅದು. ಕೆಂಪು ಆರುವವರೆಗೆ ಕಾದು, ಸ್ಪ್ಯಾನರ್ ಹಾಕಿ, ಸ್ವಲ್ಪ ಬಿಚ್ಚುವ ಕಡೆಗೆ, ಮತ್ತೆ ಅಷ್ಟೇ ಬಿಗಿಯುವ ಕಡೆಗೆ, ನಡುವೆ ಎಣ್ಣೆಯ ಹನಿ. ಈ ಹಿಂದು-ಮುಂದಿನ ಚಲನೆ ನೋಡುವವರಿಗೆ ತಾಳ್ಮೆಗೆಡಿಸುತ್ತದೆ, ಆದರೆ ಕಂದು ಪುಡಿ ಥ್ರೆಡ್‌ನಿಂದ ಉದುರುವುದು ಇದರಿಂದಲೇ. ಮೊದಲ ವೆಲ್ಡ್ ಕಿತ್ತುಬಂದಿತು. ಬೇರೆ ನಟ್ಟಿಟ್ಟು ಮತ್ತೆ ಬೆಸೆದಾಗ ಸ್ಟಡ್ ಇಡಿಯಾಗಿ ಹೊರಬಂತು.

ರಂಧ್ರದಲ್ಲಿ 8 ಮಿ.ಮೀ. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಥ್ರೆಡ್ ಶುಚಿಗೊಳಿಸಿದರು. ಜೆ.ಸಿ. ರಸ್ತೆಯಿಂದ ತಂದಿದ್ದ ಹೊಸ ಸ್ಟಡ್‌ಗಳಿಗೆ ತಾಮ್ರದ ಪುಡಿ ಬೆರೆತ ಗ್ರೀಸ್ ಸವರಿ ಬೆರಳುಗಳಿಂದಲೇ ತಿರುಗಿಸುತ್ತಾ ಹೋದರು; ಕೊನೆಯ ಸುತ್ತಿನವರೆಗೂ ಅವು ಎಲ್ಲಿಯೂ ತಡೆಯಲಿಲ್ಲ.